ಪ್ರೀತಿಗೆ ಸಂಬಳ ಯಾಕೆ?

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ನಮ್ಮೂರಿನ ಯಾವುದಾದರೊಂದು ಸಭಾಂಗಣದಲ್ಲಿ ನಾಲ್ಕಾರು ಜನ ಶಿಕ್ಷಕಿಯರನ್ನು ಸಾಲಾಗಿ ಕೂರಿಸಿ ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಆಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದು, "ಈ ತಾಯಂದಿರು ಸಂಬಳಕ್ಕಾಗಿ ಪಾಠ ಮಾಡುವವರಲ್ಲ, ಮಕ್ಕಳ ಮೇಲಿನ ಪ್ರೀತಿಗಾಗಿ ಮಾಡುವವರು" ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಬಹಳ ವರ್ಷ ನಾನೂ ತಟ್ಟಿದ್ದೇನೆ. ಈಗ ತಟ್ಟುವುದಿಲ್ಲ, ಕೈಕಟ್ಟಿಕೊಂಡು ಕೂರುತ್ತೇನೆ. ಪಕ್ಕದವರು, "ಯಾಕೆ ಮೇಡಂ, ಹುಷಾರಿಲ್ವಾ?" ಎಂದು ಕೇಳುತ್ತಾರೆ. ಹುಷಾರಾಗಿದ್ದೇನೆ. ಹುಷಾರಾಗಿರುವುದರಿಂದಲೇ ತಟ್ಟುವುದಿಲ್ಲ.

ನನ್ನನ್ನು ಹುಷಾರು ಮಾಡಿದ್ದು, ನಂಬಿದರೆ ನಂಬಿ, ಐಸ್ ಹಾಕಿ ಎಂಬ ಆಟ. ಆ ಆಟವನ್ನು ನಾನು ಆಡಿದವಳಲ್ಲ, ಆ ಮಂಜುಗಡ್ಡೆಯ ಮೇಲೆ ಒಂದು ನಿಮಿಷ ನೆಟ್ಟಗೆ ನಿಲ್ಲಲಾರೆ. ಆದರೂ ಅಲ್ಲಿನ ಹೆಣ್ಣುಮಕ್ಕಳ ಒಂದು ವರ್ಷದ ಕಥೆ ನನ್ನ ಕಥೆಯೇ ಅನ್ನಿಸಿತು. ಯಾಕೆ ಅನ್ನುವುದನ್ನು ಹೇಳಲೆಂದೇ ಈ ಬರಹ.

2017ರ ಆರಂಭದಲ್ಲಿ ಮಗಳ ಬಾಣಂತನಕ್ಕೆಂದು ಶಾಲೆಗೆ ಸಂಬಳವಿಲ್ಲದ ರಜೆ ಹಾಕಿ ಅಮೆರಿಕಕ್ಕೆ ಹೋಗಿದ್ದೆ. ಅವರ ಮನೆ ಇದ್ದದ್ದು ಬೋಸ್ಟನ್ ಹತ್ತಿರದ ಲೋವೆಲ್ ಎಂಬ ಊರಿನ ಸಮೀಪ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಮಗುವಿನ ಅಳು. ಎರಡು ತಿಂಗಳು ಕಳೆದ ಮೇಲೆ ಮಗಳಿಗೇ ಪಾಪ ಅನ್ನಿಸಿರಬೇಕು. "ಅಮ್ಮಾ, ಒಂದು ದಿನ ಹೊರಗೆ ಹೋಗಿ ಬಾ, ಮಗೂನ ನಾನು ನೋಡ್ಕೋತೀನಿ" ಎಂದು ಅಳಿಯಂದಿರ ಜೊತೆ ಕಳಿಸಿದಳು. ಹಾಗೆ ಮಾರ್ಚ್ 19ರ ಭಾನುವಾರ ಸೀರೆಯ ಮೇಲೆ ಕೋಟು, ಕಾಲಿಗೆ ಎರಡೆರಡು ಉಣ್ಣೆಯ ಕಾಲುಚೀಲ ಹಾಕಿಕೊಂಡು ಲೋವೆಲ್‌ನ ಸೋಂಗಸ್ ಸೆಂಟರ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಕೂತೆ. ಹೆಂಗಸರ ಐಸ್ ಹಾಕಿ ಲೀಗ್‌ನ ಅಂತಿಮ ಪಂದ್ಯ. ಬೋಸ್ಟನ್ ಪ್ರೈಡ್ ವಿರುದ್ಧ ಬಫಲೋ ಬ್ಯೂಟ್ಸ್.

ನೋಡದವರಿಗಾಗಿ ಎರಡು ಮಾತು. ಒಂದೊಂದು ಕಡೆ ಆರು ಜನ, ಅದರಲ್ಲಿ ಒಬ್ಬಳು ಗೋಲು ಕಾಯುವವಳು. ಕಾಲಿಗೆ ಉಕ್ಕಿನ ಅಲಗಿನ ಬೂಟು, ಕೈಯಲ್ಲಿ ಬಾಗಿದ ಕೋಲು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷದ ಮೂರು ಸರದಿ. ಓಟ ಎಷ್ಟು ಬಿರುಸೆಂದರೆ ಒಬ್ಬಳು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಂಗಳದಲ್ಲಿ ಇರುವುದು ಕಷ್ಟ. ಏದುಸಿರು ಬಿಡುತ್ತಾ ಬಂದು ಬೆಂಚಿನ ಮೇಲೆ ಕೂರುತ್ತಾಳೆ, ಇನ್ನೊಬ್ಬಳು ಕಟ್ಟೆ ಹಾರಿ ಇಳಿಯುತ್ತಾಳೆ. ಬೋಸ್ಟನ್ ತಂಡದಲ್ಲಿ ಅಮೆರಿಕದ ರಾಷ್ಟ್ರೀಯ ತಂಡದವರೇ ತುಂಬಿದ್ದರು, ಆ ಸೀಸನ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಪಂದ್ಯಗಳನ್ನೂ ಗೆದ್ದಿದ್ದರು. ಆದರೆ ಅಂದು ಬಫಲೋದ ಗೋಲಿ ಬ್ರಿಯಾನ್ ಮೆಕ್‌ಲಾಫ್ಲಿನ್ ಐವತ್ತಕ್ಕೂ ಹೆಚ್ಚು ಹೊಡೆತಗಳನ್ನು ತಡೆದಳು. ಬಫಲೋ 3-2ರಲ್ಲಿ ಗೆದ್ದಿತು. ಸೋತ ಊರಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮರಳುವಾಗ ಕಾರಿನಲ್ಲಿ ಅಳಿಯಂದಿರನ್ನು, "ಇವರಿಗೆಲ್ಲ ಸಂಬಳ ಎಷ್ಟಿರಬಹುದು?" ಎಂದು ಕೇಳಿದೆ. ಕ್ರಿಕೆಟಿಗರ ಲೆಕ್ಕ ಕೇಳಿ ಅಭ್ಯಾಸವಾದ ಕಿವಿ ನನ್ನದು. ಅವರು ನಕ್ಕರು. "ಅತ್ತೆ, ಇವರಲ್ಲಿ ಎಷ್ಟೋ ಜನ ನಾಳೆ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗ್ತಾರೆ. ಟೀಚರ್‌ಗಳೂ ಇದ್ದಾರೆ" ಅಂದರು. ಟೀಚರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಕುತೂಹಲ ಕೆರಳಿತು. ಉಳಿದ ದಿನಗಳಲ್ಲಿ ಮಗು ಮಲಗಿದಾಗಲೆಲ್ಲ ಮಗಳಿಂದ ಒಂದೊಂದೇ ವಿಷಯ ಓದಿಸಿಕೊಂಡೆ. ಊರಿಗೆ ಬಂದ ಮೇಲೂ ಬಿಡಲಿಲ್ಲ.

ಆ ಲೀಗ್‌ನ ಹೆಸರು ನ್ಯಾಷನಲ್ ವಿಮೆನ್ಸ್ ಹಾಕಿ ಲೀಗ್. ಕಾಲೇಜಿನಲ್ಲಿ ಹಾಕಿ ಆಡಿದ್ದ ಡಾನಿ ರೈಲನ್ ಎಂಬ ಯುವತಿ 2015ರಲ್ಲಿ ಕಟ್ಟಿದ್ದು. ಬೋಸ್ಟನ್, ಬಫಲೋ, ಕನೆಕ್ಟಿಕಟ್, ನ್ಯೂಯಾರ್ಕ್ ಎಂಬ ನಾಲ್ಕೇ ತಂಡ. ಉತ್ತರ ಅಮೆರಿಕದಲ್ಲಿ ಐಸ್ ಹಾಕಿ ಆಡುವ ಹೆಂಗಸರಿಗೆ ಸಂಬಳ ಕೊಟ್ಟ ಮೊದಲ ಲೀಗ್ ಅದು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಹೆಂಗಸರ ಲೀಗ್ ಇತ್ತು, ಸಂಬಳ ಮಾತ್ರ ಇರಲಿಲ್ಲ. ಈ ಹೊಸ ಲೀಗ್‌ನಲ್ಲಿ ಒಂದು ತಂಡದ ಅಷ್ಟೂ ಆಟಗಾರ್ತಿಯರ ಸಂಬಳಕ್ಕೆ 2,70,000 ಡಾಲರಿನ ಮಿತಿ. ಕನಿಷ್ಠ ಸಂಬಳ ವರ್ಷಕ್ಕೆ 10,000 ಡಾಲರು, ಮೊದಲ ವರ್ಷ ಅತಿ ಹೆಚ್ಚು ಎಂದರೆ 25,000. ರೂಪಾಯಿಗೆ ತಿರುಗಿಸಿ ಹುಬ್ಬೇರಿಸಬೇಡಿ. ಹತ್ತು ಸಾವಿರ ಡಾಲರು ಬೋಸ್ಟನ್ ಸುತ್ತಮುತ್ತ ಒಂದು ಸಾಧಾರಣ ಮನೆಯ ವರ್ಷದ ಬಾಡಿಗೆಗೂ ಸಾಲದು. ಆದರೂ ಅವರಿಗೆ ಅದು ಹಬ್ಬ. ಹುಟ್ಟಿದಂದಿನಿಂದ ಕೈಯಿಂದ ಹಾಕಿ ಆಡಿದವರಿಗೆ ಮೊದಲ ಬಾರಿ ಕೈಗೆ ಏನೋ ಬಂತು.

ಗೆದ್ದವರಿಗೆ ಕೊಡುವ ಬಟ್ಟಲಿನ ಹೆಸರು ಇಸೊಬೆಲ್ ಕಪ್. ಆ ಹೆಸರಿನ ಹಿಂದೊಂದು ಕಥೆಯಿದೆ. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಡಿಸಿದ್ದು ಸ್ಟ್ಯಾನ್ಲಿ ಕಪ್. ಇಂದು ಗಂಡಸರ ಹಾಕಿಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆತನ ಮಗಳು ಇಸೊಬೆಲ್ ಆ ಕಾಲದಲ್ಲೇ ಮಂಜಿನ ಅಂಗಳಕ್ಕಿಳಿದು ಹಾಕಿ ಆಡಿದ್ದವಳು. ಅಪ್ಪನ ಹೆಸರಿನ ಕಪ್ 1892ರಲ್ಲಿ, ಮಗಳ ಹೆಸರಿನ ಕಪ್ 2016ರಲ್ಲಿ. ನೂರಿಪ್ಪತ್ನಾಲ್ಕು ವರ್ಷ ತಡ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಗೊತ್ತಲ್ಲ. ಹೂವು ಕೂಡ ಇಷ್ಟು ತಡವಾಗಿ ಬಂತು.

ಇನ್ನು ಹಿಟ್ಟಿನ ವಿಷಯ. ಎರಡನೆಯ ಸೀಸನ್ 2016ರ ಅಕ್ಟೋಬರಿನಲ್ಲಿ ಆರಂಭವಾಯಿತು. ಕರಾರುಗಳಿಗೆ ಸಹಿ ಬಿದ್ದಿತ್ತು. ಹಗಲು ಕೆಲಸ, ಸಂಜೆ ಅಭ್ಯಾಸ, ವಾರದ ಕೊನೆಗೆ ಪಂದ್ಯ. ನವೆಂಬರಿನಲ್ಲಿ, ಸೀಸನ್ ನಡುವೆ, ಆಡಳಿತದಿಂದ ಸುದ್ದಿ ಬಂತು. ನಿರೀಕ್ಷಿಸಿದ ಹಣ ಬಂದಿಲ್ಲ, ಲೀಗ್ ಉಳಿಯಬೇಕಾದರೆ ಸಂಬಳ ಕಡಿತ ಮಾಡಲೇಬೇಕು, ಅದೂ ಅರ್ಧದಷ್ಟರವರೆಗೆ. ಆಟಗಾರ್ತಿಯರು ಒಟ್ಟಾಗಿ ಪತ್ರ ಬರೆದು ಲೆಕ್ಕಪತ್ರ ತೋರಿಸಿ, ವಿಮೆಯ ದಾಖಲೆ ಕೊಡಿ ಎಂದು ಕೇಳಿದರು. ಆಟ ಮಾತ್ರ ನಿಲ್ಲಿಸಲಿಲ್ಲ. ನಾನು ಮಾರ್ಚಿಯಲ್ಲಿ ನೋಡಿದ್ದು ಆ ಅರ್ಧ ಸಂಬಳದ ಆಟ. ಆ ಐವತ್ತು ಚಿಲ್ಲರೆ ಹೊಡೆತ ತಡೆದದ್ದೂ ಅರ್ಧ ಸಂಬಳಕ್ಕೇ. ಅರ್ಧ ಸಂಬಳವೆಂದು ಅವಳು ಅರ್ಧ ಹೊಡೆತಗಳನ್ನು ಬಿಡಲಿಲ್ಲ.

ವಿಮೆಯ ದಾಖಲೆ ಕೇಳಿದ್ದು ಸುಮ್ಮನಲ್ಲ. ಅದಕ್ಕೆ ಒಂದು ವರ್ಷದ ಹಿಂದೆ, 2015ರ ಡಿಸೆಂಬರ್ 31ರಂದು, ಫಾಕ್ಸ್‌ಬರೋದ ಬಯಲು ಕ್ರೀಡಾಂಗಣದಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ ಬೋಸ್ಟನ್ ತಂಡದ ಡೆನ್ನಾ ಲೇಯಿಂಗ್ ಆಯತಪ್ಪಿ ಪಕ್ಕದ ಗೋಡೆಗೆ ಅಪ್ಪಳಿಸಿದಳು. ಬೆನ್ನುಹುರಿಗೆ ತೀವ್ರ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ. ಸಂಬಳವನ್ನು ಅರ್ಧ ಮಾಡಬಹುದು, ಬೆನ್ನುಮೂಳೆಯನ್ನು ಅರ್ಧ ಅಪಾಯಕ್ಕೆ ಒಡ್ಡಲು ಬರುತ್ತದೆಯೇ?

ಆಗ ಅಲ್ಲಿಯೂ ಕೇಳಿಬಂದ ಮಾತು ನಮ್ಮ ಸೆಪ್ಟೆಂಬರ್ 5ರ ಮಾತೇ. ಇವರು ದುಡ್ಡಿಗಾಗಿ ಆಡುವವರಲ್ಲ, ಆಟದ ಪ್ರೀತಿಗಾಗಿ ಆಡುವವರು. ಮುಂದಿನ ಪೀಳಿಗೆಯ ಹುಡುಗಿಯರಿಗಾಗಿ ಆಡುವವರು. ಎಷ್ಟು ಚೆಂದದ ಮಾತು! ಆದರೆ ಅದು ಯಾವಾಗ ಹೊರಬರುತ್ತದೆ ಎಂಬುದನ್ನು ಗಮನಿಸಿ. ಸಂಬಳ ಕೊಡುವ ದಿನ ಯಾರೂ ಪ್ರೀತಿಯ ಸುದ್ದಿ ಎತ್ತುವುದಿಲ್ಲ. ಸಂಬಳ ಕಡಿಮೆ ಮಾಡುವ ದಿನ ಎತ್ತುತ್ತಾರೆ. ಪ್ರೀತಿ ಇರುವುದು ನಿಜ. ನಿಜವಾದ್ದರಿಂದಲೇ ಅದು ಬೇರೆಯವರ ಕೈಗೆ ಸಿಕ್ಕಿಬಿದ್ದಿದೆ. ಇವಳು ಹೇಗೂ ಬಿಟ್ಟುಹೋಗುವುದಿಲ್ಲ ಎಂಬ ಧೈರ್ಯವೇ ಕಡಿತದ ಬಂಡವಾಳ.

ಗಂಡಸರ ಸಣ್ಣ ಲೀಗ್‌ಗಳೂ ಅಲ್ಲಿವೆ. 1936ರಿಂದ ನಡೆಯುತ್ತಿರುವ ಅಮೆರಿಕನ್ ಹಾಕಿ ಲೀಗ್, 1988ರಲ್ಲಿ ಹುಟ್ಟಿದ ಈಸಿಎಚ್ಎಲ್. ಅವುಗಳಲ್ಲಿ ಆಡುವವರೂ ಶ್ರೀಮಂತರೇನಲ್ಲ. ಊರೂರಿಗೆ ಬಸ್ಸಿನಲ್ಲಿ ಅಲೆಯುವ ಹುಡುಗರು. ಆದರೆ ಅವರಿಗೊಂದು ಸಂಘವಿದೆ, 1967ರಿಂದ. ಈಸಿಎಚ್ಎಲ್‌ನಲ್ಲಿ ಸೀಸನ್ ಮುಗಿಯುವವರೆಗೆ ವಾಸಕ್ಕೆ ಮನೆ ಕೊಡುತ್ತಾರೆ. ಮೇಲಿನ ದೊಡ್ಡ ಲೀಗ್‌ನವರು ನಾಳೆಯ ಆಟಗಾರರು ಇಲ್ಲಿಂದಲೇ ಬರುತ್ತಾರೆಂದು ಈ ಸಣ್ಣ ತಂಡಗಳ ಬೆನ್ನಿಗೆ ನಿಂತಿದ್ದಾರೆ. ಅದಕ್ಕೆ ಹೂಡಿಕೆ ಎಂದು ಹೆಸರು. ಹೆಂಗಸರಿಗೆ ಕೊಟ್ಟರೆ ಅದರ ಹೆಸರು ದಾನ. ದಾನವಾದರೂ ಎಷ್ಟು? 2018-19ರಲ್ಲಿ ಗಂಡಸರ ದೊಡ್ಡ ಲೀಗ್ ಪ್ರತಿ ಮಹಿಳಾ ಲೀಗ್‌ಗೆ ವರ್ಷಕ್ಕೆ ಕೊಡುತ್ತಿದ್ದದ್ದು 50,000 ಡಾಲರು. ಅದೇ ವರ್ಷ ಆ ದೊಡ್ಡ ಲೀಗ್‌ನಲ್ಲಿ ಒಬ್ಬ ಹೊಸ ಹುಡುಗನ ಕನಿಷ್ಠ ಸಂಬಳ 6,50,000. ಹದಿಮೂರರಲ್ಲಿ ಒಂದು ಪಾಲು, ಅದೂ ಒಂದಿಡೀ ಲೀಗ್‌ಗೆ.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು. ಹೇಳದಿದ್ದರೆ ಇದು ಬರಿಯ ಪರದೇಶದ ಕಥೆಯಾಗಿಬಿಡುತ್ತದೆ.

1993ರಲ್ಲಿ, ಬಿ.ಎಡ್. ಮುಗಿಸಿ ಕೈಗೂಸು ಕಟ್ಟಿಕೊಂಡಿದ್ದ ನನಗೆ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯ ಹೆಸರು ಬೇಡ. ಮೊದಲ ತಿಂಗಳು ಸಂಬಳದ ಪುಸ್ತಕ ತೆರೆದು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಲು ಹೇಳಿದರು. ಪುಸ್ತಕದಲ್ಲಿ ಇದ್ದದ್ದು 1,100 ರೂಪಾಯಿ. ಕೈಗೆ ಬಂದದ್ದು 450. ನಾನು ಮುಖ ನೋಡಿದೆ. ಕಾರ್ಯದರ್ಶಿಗಳು ಶಾಂತವಾಗಿ, "ನಿಮ್ಮ ಜಾಗದಲ್ಲಿ ಮೊದಲು ಇದ್ದವರು ಇದಕ್ಕೇ ತಕರಾರು ಮಾಡಿ ಹೋದರು. ಇಷ್ಟವಿಲ್ಲದಿದ್ದರೆ ಹೇಳಿಬಿಡಿ. ನೀವಲ್ಲದಿದ್ದರೆ ಇನ್ನೊಬ್ಬರು ಬರ್ತಾರೆ" ಎಂದರು. ನಾನು ಸಹಿ ಮಾಡಿದೆ. ಆಮೇಲೆ ವರ್ಷಗಟ್ಟಲೆ ತಿಂಗಳು ತಿಂಗಳು ಮಾಡಿದೆ.

ಕೆಲವು ವರ್ಷ ಕಳೆದು ಆ ಮೊದಲಿನ ಟೀಚರ್ ಸಂತೆಯಲ್ಲಿ ಸಿಕ್ಕರು. ಮನೆಯಲ್ಲಿ ಟ್ಯೂಷನ್ ಹೇಳಿಕೊಂಡು ಇದ್ದರು. ನಾನು ತಡವರಿಸುತ್ತಾ ಏನೋ ಹೇಳಹೋದೆ. ಅವರು ಸೊಪ್ಪಿನ ಕಟ್ಟು ಚೀಲಕ್ಕೆ ಹಾಕಿಕೊಳ್ಳುತ್ತಾ, "ನಿಮ್ಮದೇನು ತಪ್ಪು ಬಿಡಿ. ನೀವಲ್ಲದಿದ್ದರೆ ಇನ್ನೊಬ್ಬರು ಬರ್ತಿದ್ದರು" ಎಂದರು. ಸಮಾಧಾನಕ್ಕೆಂದು ಹೇಳಿದ್ದು. ನನಗೆ ಮಾತ್ರ ಕಾರ್ಯದರ್ಶಿಗಳ ದನಿಯೇ ಕೇಳಿಸಿತು. ಅದೇ ಮಾತು, ಅದೇ ಪದಗಳು. ಅಂದಿನಿಂದ ಆ 'ಇನ್ನೊಬ್ಬರು' ನನ್ನ ತಲೆಯಲ್ಲಿ ಕೂತಿದ್ದಾರೆ. ಆ ಇನ್ನೊಬ್ಬರು ಯಾರು? ನಾನೇ.

ಈಗ ಮತ್ತೆ ಮಾರ್ಚ್ 2017ಕ್ಕೆ ಬನ್ನಿ. ನಾನು ಆ ಅಂತಿಮ ಪಂದ್ಯ ನೋಡುವುದಕ್ಕೆ ನಾಲ್ಕೇ ದಿನ ಮೊದಲು, ಮಾರ್ಚ್ 15ರಂದು, ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡದವರು ಒಂದು ಘೋಷಣೆ ಮಾಡಿದ್ದರು. ನಾಯಕಿ ಮೇಗನ್ ಡಗ್ಗನ್, ಬೋಸ್ಟನ್ ತಂಡದಲ್ಲಿ ಆಡುತ್ತಿದ್ದ ಹಿಲರಿ ನೈಟ್ ಮೊದಲಾದವರು. ಮಾರ್ಚ್ 31ಕ್ಕೆ ಮಿಷಿಗನ್ ರಾಜ್ಯದ ಪ್ಲಿಮತ್‌ನಲ್ಲಿ, ತಮ್ಮ ನೆಲದಲ್ಲೇ, ವಿಶ್ವ ಚಾಂಪಿಯನ್‌ಷಿಪ್ ಇತ್ತು. ನಾವು ಆಡುವುದಿಲ್ಲ ಎಂದುಬಿಟ್ಟರು. ಅವರ ದೂರು ಸರಳ. ಹಾಕಿ ಒಕ್ಕೂಟ ತಮಗೆ ಕೊಡುವುದು ನಾಲ್ಕು ವರ್ಷಕ್ಕೊಮ್ಮೆ, ಒಲಿಂಪಿಕ್ಸ್ ಹತ್ತಿರ ಬಂದಾಗ, ಆರು ತಿಂಗಳು ತಿಂಗಳಿಗೆ ಸಾವಿರ ಡಾಲರು. ಉಳಿದ ಮೂರೂವರೆ ವರ್ಷ ಹೆಚ್ಚುಕಡಿಮೆ ಏನೂ ಇಲ್ಲ. ಪ್ರಯಾಣ, ವಿಮೆ ಯಾವುದರಲ್ಲೂ ಗಂಡಸರ ಸಮಕ್ಕೆ ಇಲ್ಲ.

ಒಕ್ಕೂಟದವರು ಏನು ಮಾಡಿದರು ಗೊತ್ತೇ? ಬದಲಿ ಆಟಗಾರ್ತಿಯರನ್ನು ಹುಡುಕಲು ಹೊರಟರು. ಕಾರ್ಯದರ್ಶಿಗಳ ಬುದ್ಧಿ ಎಲ್ಲ ದೇಶದಲ್ಲೂ ಒಂದೇ. ನೀವಲ್ಲದಿದ್ದರೆ ಇನ್ನೊಬ್ಬರು. ಲೀಗ್‌ಗಳಲ್ಲಿ ಆಡುವವರನ್ನು ಕೇಳಿದರು, ಕಾಲೇಜಿನವರನ್ನು ಕೇಳಿದರು, ಇನ್ನೂ ಕೆಳಗೆ ಇಳಿದು ಕೇಳಿದರು. ದೇಶದ ಜೆರ್ಸಿ ತೊಡುವ ಅವಕಾಶ, ಜೀವಮಾನದಲ್ಲಿ ಮತ್ತೆ ಬಾರದ ಅವಕಾಶ. ಆದರೆ ಒಬ್ಬೊಬ್ಬಳೂ ಇಲ್ಲ ಎಂದಳು. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ವಯಸ್ಸಿನ ಹುಡುಗಿಯರೂ ಇಲ್ಲ ಎಂದರು. ಮಾರ್ಚ್ 28ರಂದು, ಪಂದ್ಯಕ್ಕೆ ಮೂರು ದಿನ ಇರುವಾಗ, ಒಕ್ಕೂಟ ನಾಲ್ಕು ವರ್ಷದ ಒಪ್ಪಂದಕ್ಕೆ ಬಂತು. ಏಪ್ರಿಲ್ 7ರಂದು ಕೆನಡಾವನ್ನು ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋಲಿಸಿ ಅವರು ಚಿನ್ನ ಗೆದ್ದರು. ಗೆಲುವಿನ ಗೋಲು ಹಿಲರಿ ನೈಟ್‌ಳದು. ಮರು ವರ್ಷ 2018ರ ಒಲಿಂಪಿಕ್ಸ್‌ನಲ್ಲೂ ಚಿನ್ನ, ಅದೂ 1998ರ ನಂತರ ಇಪ್ಪತ್ತು ವರ್ಷಕ್ಕೆ. ಸಂಬಳ ಕೇಳಿದರೆ ಆಟದ ಮೇಲಿನ ಪ್ರೀತಿ ಹೋಗಿಬಿಡುತ್ತದೆ ಎನ್ನುವವರು ಇದನ್ನು ಸ್ವಲ್ಪ ನೋಡಬೇಕು.

ನವೆಂಬರಿನಲ್ಲಿ ಅರ್ಧ ಸಂಬಳ ನುಂಗಿಕೊಂಡವರಿಗೂ ಮಾರ್ಚಿಯಲ್ಲಿ ಗೆದ್ದವರಿಗೂ ಪ್ರೀತಿಯಲ್ಲಿ ವ್ಯತ್ಯಾಸವಿರಲಿಲ್ಲ. ಎಷ್ಟೋ ಜನ ಎರಡೂ ಕಡೆ ಇದ್ದವರೇ. ವ್ಯತ್ಯಾಸ ಇದ್ದದ್ದು ಒಂದರಲ್ಲೇ. ಮಾರ್ಚಿಯಲ್ಲಿ 'ಇನ್ನೊಬ್ಬರು' ಬರಲಿಲ್ಲ.

ಈಗ ಎದುರು ವಾದಕ್ಕೆ ಬರೋಣ. ಜಾಣರು ಹೇಳುವ ಮಾತು ಇದು: "ಜನ ಬಂದರೆ ತಾನೇ ದುಡ್ಡು? ಟಿಕೆಟ್ ಹೋಗದಿದ್ದರೆ ಸಂಬಳ ಎಲ್ಲಿಂದ ಕೊಡೋದು? ಬಾಗಿಲು ಮುಚ್ಚುವುದಕ್ಕಿಂತ ಅರ್ಧ ಸಂಬಳ ಮೇಲಲ್ಲವೇ?" ಇದನ್ನು ತಳ್ಳಿಹಾಕುವಂತಿಲ್ಲ. 2019ರಲ್ಲಿ ಕೆನಡಾದ ಆ ಹಳೆಯ ಲೀಗ್ ನಿಜವಾಗಿಯೂ ಮುಚ್ಚಿತು. ಕ್ಯಾಲ್ಗರಿ ತಂಡ ಕಪ್ ಎತ್ತಿ ಒಂದು ವಾರವಾಗಿತ್ತಷ್ಟೆ, ಮಾರ್ಚ್ 31ರಂದು ಇನ್ನು ಮುಂದೆ ಲೀಗ್ ಇಲ್ಲ ಎಂದರು. ರೈಲನ್ ಅವರನ್ನೂ ನಾನು ರಾಕ್ಷಸಿ ಎನ್ನುವುದಿಲ್ಲ. ಯಾರೂ ಸಂಬಳ ಕೊಡದಿದ್ದ ಕಾಲದಲ್ಲಿ ಕೊಡುತ್ತೇನೆಂದು ಮುಂದೆ ಬಂದವಳು ಆಕೆ. ಆದರೆ ನಷ್ಟವಾದರೆ ಕರಾರಿನ ನಡುವೆ ಆಟಗಾರ್ತಿಯ ಕಿಸೆಗೇ ಯಾಕೆ ಮೊದಲು ಕೈ ಹಾಕಬೇಕು? ಸೀಸನ್ ಶುರುವಾಗುವ ಮೊದಲೇ ಲೆಕ್ಕ ಬಿಚ್ಚಿ ತೋರಿಸಿದ್ದರೆ ಅವಳು ಬೇಕೆಂದರೆ ಬರುತ್ತಿದ್ದಳು, ಬೇಡವೆಂದರೆ ಬಿಡುತ್ತಿದ್ದಳು. ಇನ್ನೊಂದು ಲೆಕ್ಕ ನೋಡಿ. 2015ರಲ್ಲಿ 2,70,000 ಡಾಲರು ಇದ್ದ ತಂಡದ ಸಂಬಳದ ಮಿತಿ ಮತ್ತೆ ಆ ಮಟ್ಟ ದಾಟಿದ್ದು 2021-22ರಲ್ಲಿ, 3,00,000 ಆದಾಗ. ಒಮ್ಮೆ ಇಳಿದದ್ದು ಏರಲು ಆರು ವರ್ಷ. ತಾತ್ಕಾಲಿಕ ಎಂದು ಹೇಳಿ ಕಡಿದದ್ದು ಹೀಗೆ ಕಾಯಂ ಆಗುತ್ತದೆ. ನಮ್ಮ ಶಾಲೆಗಳಲ್ಲಿ ಕೋವಿಡ್ ಕಾಲಕ್ಕೆಂದು ಇಳಿಸಿದ ಸಂಬಳ ಎಷ್ಟು ಕಡೆ ಮೇಲೆ ಬಂತು ಎಂದು ನಿಮ್ಮ ನೆರೆಮನೆಯ ಟೀಚರನ್ನೇ ಕೇಳಿ.

ಜನ ಬರುವುದಿಲ್ಲ ಎಂಬ ಮಾತಿಗೂ ಉತ್ತರ ಸಿಕ್ಕಿದೆ. ಕೆನಡಾದ ಲೀಗ್ ಮುಚ್ಚಿದ ಮೇಲೆ, 2019ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ, ಬದುಕುವಷ್ಟು ಸಂಬಳ ಮತ್ತು ಆರೋಗ್ಯ ವಿಮೆ ಇರುವ ಲೀಗ್ ಬರುವವರೆಗೆ ನಾವು ಉತ್ತರ ಅಮೆರಿಕದ ಯಾವ ಲೀಗ್‌ನಲ್ಲೂ ಆಡುವುದಿಲ್ಲ ಎಂದರು. ನಾಲ್ಕು ವರ್ಷ ಪ್ರದರ್ಶನ ಪಂದ್ಯಗಳನ್ನಷ್ಟೇ ಆಡಿಕೊಂಡು ಕಾದರು. 2023ರಲ್ಲಿ ಮಾರ್ಕ್ ವಾಲ್ಟರ್ ಎಂಬ ಹಣವಂತ ಮತ್ತು ಟೆನಿಸ್‌ನ ಹಳೆಯ ಹೋರಾಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಅವರ ಕಂಪನಿ ಮುಂದೆ ಬಂದು ಹೊಸ ಲೀಗ್ ಕಟ್ಟಿದರು. ಅಲ್ಲಿ ಮೊದಲು ಆದದ್ದು ಆಟವಲ್ಲ, ಒಪ್ಪಂದ. ಜುಲೈ 2023ರಲ್ಲಿ ಸಂಘದ ಜೊತೆ ಎಂಟು ವರ್ಷದ ಕರಾರು. ಕನಿಷ್ಠ ಸಂಬಳ 35,000 ಡಾಲರು, ಪ್ರತಿ ತಂಡದಲ್ಲಿ ಕನಿಷ್ಠ ಆರು ಜನರಿಗೆ 80,000ಕ್ಕೆ ಕಡಿಮೆಯಿಲ್ಲ. ಬಸಿರು-ಬಾಣಂತನಕ್ಕೂ ಕರಾರಿನಲ್ಲಿ ರಕ್ಷಣೆ. ಸಂಬಳವಿಲ್ಲದ ರಜೆ ಹಾಕಿ ಬಾಣಂತನಕ್ಕೆ ಹೋಗಿದ್ದ ನನಗೆ ಆ ಸಾಲು ಓದಿ ಹೊಟ್ಟೆ ತಣ್ಣಗಾಯಿತು. ಇಷ್ಟೆಲ್ಲ ಆದ ಮೇಲೆ 2024ರ ಜನವರಿ 1ರಂದು ಮೊದಲ ಪಂದ್ಯ. ಅದೇ ಏಪ್ರಿಲ್ 20ರಂದು ಮಾಂಟ್ರಿಯಲ್‌ನಲ್ಲಿ ಒಂದು ಪಂದ್ಯ ನೋಡಲು ಬಂದ ಜನ 21,105. ಜನ ಬಂದ ಮೇಲೆ ಸಂಬಳ ಎಂದು ಕಾದಿದ್ದರೆ ಎಂದೂ ಬರುತ್ತಿರಲಿಲ್ಲ. ದೊಡ್ಡ ಅಂಗಳ, ಪೂರ್ತಿ ಹೊತ್ತಿನ ಅಭ್ಯಾಸ, ನೆಮ್ಮದಿಯ ಸಂಬಳ ಮೊದಲು ಬಂದವು, ಜನ ಹಿಂದೆಯೇ ಬಂದರು.

ಇದನ್ನು ಬರೀ ಜಯದ ಕಥೆಯಾಗಿ ಹೇಳಿದರೆ ಸುಳ್ಳಾಗುತ್ತದೆ. 2019ರಲ್ಲಿ ಎಲ್ಲರೂ ಆಟ ಬಿಡಲಿಲ್ಲ. ನಾನು ನೋಡಿದ ಆ ಸಣ್ಣ ಲೀಗ್ ಉಳಿದವರನ್ನೇ ಕಟ್ಟಿಕೊಂಡು ಮುಂದುವರಿಯಿತು, 2021ರಲ್ಲಿ ಪ್ರೀಮಿಯರ್ ಹಾಕಿ ಫೆಡರೇಷನ್ ಎಂದು ಹೆಸರು ಬದಲಿಸಿತು. ಅದರಲ್ಲಿ ಆಡಿದವರನ್ನು ದ್ರೋಹಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಡುವುದಿಲ್ಲ ಎಂದವರಲ್ಲಿ ಅನೇಕರಿಗೆ ರಾಷ್ಟ್ರೀಯ ತಂಡದ ಹಣವಿತ್ತು, ಹೆಸರಿತ್ತು. ಉಳಿದವರಿಗೆ ಇಲ್ಲ ಎನ್ನಲು ಆಸರೆಯೇ ಇರಲಿಲ್ಲ. 1993ರಲ್ಲಿ ನನಗೆ ಇರಲಿಲ್ಲ. ಕಡೆಗೆ 2023ರಲ್ಲಿ ಹೊಸ ಲೀಗ್‌ನವರು ಹಳೆಯದನ್ನು ಕೊಂಡು ಮುಚ್ಚಿದಾಗ ಆ ಹೆಣ್ಣುಮಕ್ಕಳ ಕರಾರುಗಳೆಲ್ಲ ರದ್ದಾದವು. ಕೆಲವರಿಗೆ ಹೊಸದರಲ್ಲಿ ಜಾಗ ಸಿಕ್ಕಿತು, ಕೆಲವರಿಗೆ ಇಲ್ಲ. ಎಂಟು ವರ್ಷ ದೀಪ ಆರದಂತೆ ಕಾದವರಲ್ಲಿ ಎಷ್ಟೋ ಜನ ದೀಪಾವಳಿಯ ದಿನ ಹೊರಗಿದ್ದರು. ಹಾಗಾಗಿ 'ಇಲ್ಲ ಎನ್ನಿ' ಎಂದು ಉಪದೇಶ ಮಾಡುವುದು ಸುಲಭ. ಇಲ್ಲ ಎಂದವಳ ಮನೆಯ ಒಲೆ ಆ ತಿಂಗಳು ಹೇಗೆ ಉರಿಯಬೇಕು ಎಂದು ಯೋಚಿಸುವುದೂ ಉಳಿದವರ ಕೆಲಸ. ಸಂಘ ಬೇಕಿರುವುದು ಅದಕ್ಕೇ.

ನಮ್ಮ ದೇಶದಲ್ಲೂ ಐಸ್ ಹಾಕಿ ಆಡುವ ಹೆಣ್ಣುಮಕ್ಕಳಿದ್ದಾರೆ, ಹೆಚ್ಚಿನವರು ಲಡಾಖಿನವರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಕಲಿತವರು. 2016ರಲ್ಲಿ ತೈಪೆಯಲ್ಲಿ ಭಾರತದ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಜನರಿಂದ ಚಂದಾ ಎತ್ತಿ ಪ್ರಯಾಣದ ಖರ್ಚು ಹೊಂದಿಸಿಕೊಳ್ಳಬೇಕಾದ ಕಾಲವದು. 2025ರಲ್ಲಿ ಅದೇ ತಂಡ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಅವರ ಬಗ್ಗೆ ಬಂದ ಬರಹಗಳನ್ನು ಓದಿದೆ. 'ಎಂಥ ಛಲ, ಆಟದ ಮೇಲೆ ಎಂಥ ಪ್ರೀತಿ!' ಹೊಗಳಿಕೆಗೆ ಬರವಿಲ್ಲ. ಓದುತ್ತಾ ಓದುತ್ತಾ ನನಗೆ ಶಾಲು, ಹಣ್ಣಿನ ಬುಟ್ಟಿಯೇ ಕಣ್ಣ ಮುಂದೆ ಬಂದವು.

ಪ್ರೀತಿಯ ವಿರುದ್ಧ ನನ್ನದೇನೂ ಜಗಳವಿಲ್ಲ. ಮೂವತ್ತು ವರ್ಷದ ಮೇಲಾಯಿತು, ಇವತ್ತಿಗೂ ಆರನೇ ಕ್ಲಾಸಿನ ಬಾಗಿಲಲ್ಲಿ ನಿಂತಾಗ ಮನಸ್ಸು ಹಗುರಾಗುತ್ತದೆ. ಆದರೆ ಆ ಪ್ರೀತಿ ನನ್ನದು. ಅದನ್ನು ನನ್ನ ಸಂಬಳದಿಂದ ಕಳೆಯುವ ಹಕ್ಕು ಯಾವ ಕಾರ್ಯದರ್ಶಿಗೂ ಇಲ್ಲ. ಅಡುಗೆಯವಳಿಗೆ, ನರ್ಸಮ್ಮನಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಅತಿಥಿ ಶಿಕ್ಷಕಿಗೆ ಹೇಳುವುದೆಲ್ಲ ಈ ಒಂದೇ ಮಾತು. ಡಾಕ್ಟರು ಪ್ರೀತಿಯಿಂದ ಔಷಧಿ ಕೊಟ್ಟರೆ ಫೀಸು ಬಿಡುತ್ತಾರೆಯೇ? ಗುತ್ತಿಗೆದಾರ ಪ್ರೀತಿಯಿಂದ ರಸ್ತೆ ಮಾಡಿದೆನೆಂದು ಬಿಲ್ಲು ಅರ್ಧ ಮಾಡಿಕೊಂಡದ್ದನ್ನು ನೀವು ಕೇಳಿದ್ದೀರಾ?

ಹೋದ ಜೂನ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿ.ಎಡ್. ಮುಗಿಸಿದ್ದಾಳೆ. ಒಂದು ಶಾಲೆಯಲ್ಲಿ ವರ್ಷದ ನಡುವೆ ಜಾಗ ಖಾಲಿಯಾಗಿದೆ, ಕರೆದಿದ್ದಾರೆ, ಹೋಗಲೇ ಮಿಸ್ ಎಂದು ಕೇಳಿದಳು. ಹೋಗಬೇಡ ಎನ್ನಲು ನನಗೆ ಯಾವ ಮುಖವಿದೆ? "ಹೋಗಮ್ಮ. ಆದರೆ ಸಹಿ ಮಾಡೋಕೆ ಮುಂಚೆ ಆ ಜಾಗ ಯಾಕೆ ಖಾಲಿಯಾಯ್ತು ಅಂತ ಕೇಳು. ಅಲ್ಲಿ ಇದ್ದವಳು ಯಾರು ಅಂತ ತಿಳ್ಕೊಂಡು, ಅವಳ ಮನೆಗೆ ಒಂದು ಸಲ ಹೋಗಿ ಮಾತಾಡ್ಸು. ಆಮೇಲೆ ನಿರ್ಧಾರ ಮಾಡು" ಎಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಟೀಚರ ಮನೆ ಎಲ್ಲಿ ಎಂದು ವಿಚಾರಿಸುತ್ತೇನೆ ಎಂದು ಹೇಳಿ ಹೋದಳು.

ನಾನು 1993ರಲ್ಲಿ ಆ ಮನೆಗೆ ಹೋಗಿರಲಿಲ್ಲ. ನಮ್ಮ ಮನೆಯಿಂದ ಎರಡೇ ಬೀದಿ ಆಚೆ ಇತ್ತು.